ಮುಪ್ಪಿನ ಕಾಲು

ಕಾರವಾರದಿಂದ ತೆಂಕಣಕ್ಕೆ ಅಂಕೋಲೆಯ ದಾರಿ ಹಿಡಿದವರಿಗೆ ಅರ್ಗಾ ಸಿಗುತ್ತದೆ. ಈ ತೀರದ ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರಿನಲ್ಲಿ ಅಡಿಗಲ್ಲು ಬಿತ್ತು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಸೇವೆಗೆ ಸೇರಿತು. ನಡುವಿನ ವರ್ಷಗಳಲ್ಲಿ ಎರಡೂ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ನೆಲೆ ಬಿಟ್ಟವು. ಪರಿಹಾರದ ಲೆಕ್ಕ ಕೋರ್ಟುಗಳ ಪಾಲಿನದು. ನಾನು ಹೇಳಹೊರಟದ್ದು ಆ ಮನೆಗಳ ಮುದುಕರ ಕಾಲುಗಳ ಸಂಗತಿ.

ವಿದ್ಯಾರ್ಥಿಯಾಗಿದ್ದಾಗ ಪುನರ್ವಸತಿಯ ಬಡಾವಣೆಯಲ್ಲಿದ್ದ ಗೆಳೆಯನ ಮನೆಗೆ ಹೋಗಿದ್ದೆ. ಅವನ ಅಜ್ಜಿ ಅರ್ಗಾದವರು. ಅಲ್ಲಿದ್ದಾಗ ಬೆಳಗಾದರೆ ಬಾವಿ, ಕೊಟ್ಟಿಗೆ, ಗದ್ದೆ ಎಂದು ತಿರುಗುತ್ತಿದ್ದರಂತೆ. ಹೊಸ ಮನೆಯಲ್ಲಿ ನಲ್ಲಿ ಬಾಗಿಲಿಗೇ ಬಂದಿತ್ತು; ಸೊಸೆ ನೀರಿನ ತಂಬಿಗೆಯನ್ನೂ ಕೈಗೇ ಕೊಡುತ್ತಿದ್ದರು. ಎರಡು ವರ್ಷದಲ್ಲಿ ನೆಲದಿಂದ ಏಳಲು ಗೋಡೆ ಹಿಡಿಯುವಂತಾಯಿತು.

"ಸ್ವಲ್ಪ ನಡೆಯಬಾರದೆ ಅಜ್ಜಿ?" ಎಂದೆ.

"ನಡೆದು ಎಲ್ಲಿಗೆ ಹೋಗಲಿ ತಮಾ?" ಎಂದರು.

ವಯಸ್ಸಾಯಿತು, ಮತ್ತೇನು ಎಂದು ನಾವೆಲ್ಲ ತೀರ್ಪು ಕೊಟ್ಟುಬಿಟ್ಟೆವು.

ಈ ತೀರ್ಪು ನಮ್ಮದು ಮಾತ್ರವಲ್ಲವೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ, ವೃದ್ಧವೈದ್ಯದ ಚರಿತ್ರೆಯನ್ನು ಓದಿದಾಗ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಶ್ರಯಾಲಯವನ್ನು ವಹಿಸಿಕೊಂಡಿತು. ಅಲ್ಲಿದ್ದ 714 ಮಂದಿಯ ಭಾರ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಮೇಲೆ ಬಿತ್ತು. ಹಲವರು ವರುಷಗಟ್ಟಲೆ ಹಾಸಿಗೆ ಬಿಟ್ಟೆದ್ದವರಲ್ಲ. ಏಕೆ ಮಲಗಿದ್ದಾರೆಂದು ಯಾರೂ ಕೇಳಿರಲಿಲ್ಲ. ಮುದುಕರು ಮಲಗುವುದೇ ಸಹಜವೆಂಬ ಭಾವನೆ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿ ರೋಗ ಯಾವುದು, ಮಲಗಿ ಬಂದ ದೌರ್ಬಲ್ಯ ಯಾವುದೆಂದು ಬೇರೆ ಮಾಡಿದರು. ಗೋಡೆಗಳಿಗೆ ತಿಳಿಬಣ್ಣ, ಹಿಡಿದು ನಡೆಯಲು ಕಂಬಿ, ದಿನವೂ ವ್ಯಾಯಾಮ. ಅನೇಕರು ಎದ್ದು ನಡೆದರು. ಕೆಲವರು ಮನೆಗೇ ಹೋದರು.

1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗ ಇನ್ನೂ ಸೋಜಿಗದ್ದು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರು ವೈದ್ಯರ ಕಣ್ಣೆದುರು ಕಾಲಿನಿಂದ ಭಾರ ಎತ್ತತೊಡಗಿದರು. ಎಂಟು ವಾರ ಪೂರೈಸಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಅಭ್ಯಾಸ ನಿಂತಾಗ ಬಲವೂ ಇಳಿಯಿತೆಂಬುದನ್ನು ಮರೆಯಬಾರದು.

ಅಜ್ಜಿಗೆ ಬೇಕಿದ್ದುದು ಇಂಥ ಯಂತ್ರವಲ್ಲ, ಹೋಗಲೊಂದು ಜಾಗ. ಆದರೆ ನಾನು ಇದನ್ನೆಲ್ಲ ಓದುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ನನ್ನ ತಾಯಿಗೆ ಈಗ ಎಪ್ಪತ್ತು. ಕಳೆದ ತಿಂಗಳು ಬಾವಿಗೆ ಮೋಟಾರು ಹಾಕಿಸುವ ಮಾತೆತ್ತಿದೆ. ಹಾಕಿಸು, ಆದರೆ ಹೂಗಿಡದ ಎರಡು ಕೊಡ ನೀರು ನಾನೇ ಸೇದುವೆ ಎಂದರು. ಹಗ್ಗ ಹಳತಾಗಿತ್ತು, ಹೊಸದು ತಂದುಕೊಟ್ಟೆ.