ಜೇಬುಗಡಿಯಾರಗಳ ಕಾಲನಿರ್ಣಯ

ಲೇಖದಲ್ಲಿ ಕಾಣುವ ಕಾಲವನ್ನೇ ವಸ್ತುವಿನ ಕಾಲವೆಂದು ಗ್ರಹಿಸಕೂಡದೆಂಬುದು ಶಾಸನಾಭ್ಯಾಸಿಗಳಿಗೆ ವಿದಿತವಾದ ವಿಷಯವೇ ಆಗಿದೆ. ಪಶ್ಚಿಮ ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ರೈಸರು ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಲಿಪಿ, ಭಾಷೆ, ಕಾಲಗಣನೆ ಇವು ಪರಸ್ಪರ ಹೊಂದಿಕೊಂಡಲ್ಲದೆ ಶಾಸನವು ಪ್ರಮಾಣವಾಗದೆಂಬುದೇ ಆ ವಾದದ ಸಾರವು. ಯೂರೋಪಿನ ಹಳೆಯ ಜೇಬುಗಡಿಯಾರಗಳ ಕಾಲವನ್ನು ಗೊತ್ತುಮಾಡುವುದಕ್ಕೂ ಇದೇ ನ್ಯಾಯವು ಅನ್ವಯಿಸುವುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ಗಡಿಯಾರದಲ್ಲಿ ವಿಚಾರಣೀಯವಾದ ಸಾಕ್ಷಿಗಳು ಮುಖ್ಯವಾಗಿ ಮೂರು: ಕವಚದ ಮೇಲೆ ಒತ್ತಿದ ಮುದ್ರೆಗಳು, ಯಂತ್ರದ ರಚನೆ, ಕೆತ್ತಿದ ಹೆಸರು ಮತ್ತು ವರ್ಷ.

ಮೊದಲನೆಯದಾಗಿ ಮುದ್ರೆಗಳನ್ನು ನೋಡೋಣ. ಲಂಡನ್ನಿನಲ್ಲಿ ಬೆಳ್ಳಿಬಂಗಾರಗಳನ್ನು ಪರೀಕ್ಷಿಸಿ ಚಿರತೆಯ ಮುಖವನ್ನೂ, ಬೆಳ್ಳಿಯ ಶುದ್ಧಿಯನ್ನು ಸೂಚಿಸುವ ಸಿಂಹವನ್ನೂ, ವರ್ಷವನ್ನು ಸೂಚಿಸುವ ಒಂದು ಅಕ್ಷರವನ್ನೂ ಒತ್ತುತ್ತಿದ್ದರು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಈ ಅಕ್ಷರಗಳು ‘ಏ’ ಮೊದಲ್ಗೊಂಡು ‘ಯು’ ಪರ್ಯಂತ, ‘ಜೆ’ಯನ್ನು ಬಿಟ್ಟು, ೨೦ ಆಗಿದ್ದುವು. ಅವು ಮುಗಿದ ಕೂಡಲೆ ಅಕ್ಷರದ ಆಕಾರವನ್ನೋ ಸುತ್ತಣ ಗುರಾಣಿಯ ರೂಪವನ್ನೋ ಬದಲಿಸಿ ಪುನಃ ‘ಏ’ಯಿಂದಲೇ ಆರಂಭಿಸುತ್ತಿದ್ದರು. ಇದು ನಮ್ಮ ಷಷ್ಟಿಸಂವತ್ಸರ ಚಕ್ರದಂತೆಯೇ ಇದೆ. ಪ್ರಭವ ಸಂವತ್ಸರವೆಂದು ಮಾತ್ರ ಹೇಳಿ ಶಕವರ್ಷವನ್ನು ಹೇಳದ ಶಾಸನವು ಯಾವ ಪ್ರಭವವನ್ನು ಕುರಿತದ್ದೆಂದು ಹೇಗೆ ಸಂದೇಹಕ್ಕೆ ಎಡೆಗೊಡುವುದೋ ಒಂಟಿ ಅಕ್ಷರವೂ ಹಾಗೆಯೇ ಸಂದೇಹಕ್ಕೆ ಎಡೆಗೊಡುತ್ತದೆ. ದೃಷ್ಟಾಂತಕ್ಕೆ, ರೋಮನ್ ದೊಡ್ಡಕ್ಷರದ ‘ಏ’ ೧೭೯೬ಕ್ಕೂ ಸಲ್ಲುತ್ತದೆ, ೧೮೭೬ಕ್ಕೂ ಸಲ್ಲುತ್ತದೆ. ಇಲ್ಲಿ ಚಿರತೆಯೇ ನಿರ್ಣಾಯಕವು: ೧೮೨೧ರವರೆಗೆ ಅದರ ತಲೆಯ ಮೇಲೆ ಕಿರೀಟವಿದ್ದಿತು, ಅನಂತರ ಇಲ್ಲ. ಇದಲ್ಲದೆ ಆ ಕಾಲದಲ್ಲಿ ಅಕ್ಷರವು ಮೇ ತಿಂಗಳಲ್ಲಿ ಬದಲಾಗುತ್ತಿದ್ದುದರಿಂದ ಒಂದೊಂದು ಅಕ್ಷರವೂ ಎರಡು ಕ್ರಿಸ್ತವರ್ಷಗಳನ್ನು ವ್ಯಾಪಿಸುವುದು. ಆದಕಾರಣ ೧೭೯೬-೯೭ ಎಂದು ಬರೆಯುವುದೇ ಯುಕ್ತವು.

ಆದರೆ ಈ ಮುದ್ರೆಯಿಂದ ತಿಳಿಯುವುದು ಕವಚದ ಕಾಲ ಮಾತ್ರವೆಂಬುದನ್ನು ಮರೆಯಬಾರದು. ಹಳೆಯ ಯಂತ್ರಕ್ಕೆ ಹೊಸ ಕವಚವನ್ನೂ, ಹಳೆಯ ಕವಚಕ್ಕೆ ಹೊಸ ಯಂತ್ರವನ್ನೂ ತೊಡಿಸಿದುದುಂಟು. ಆದುದರಿಂದ ಯಂತ್ರವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ತೂಗುಚಕ್ರಕ್ಕೆ ಸುರುಳಿಯ ಕಮಾನನ್ನು ಜೋಡಿಸುವ ಕ್ರಮವನ್ನು ಹಾಲೆಂಡಿನ ಹ್ಯೂಗೆನ್ಸನು ೧೬೭೫ರಲ್ಲಿ ಪ್ರಕಟಿಸಿದನು. ಅದಕ್ಕೆ ಮೊದಲು ಗಡಿಯಾರಗಳ ನಡೆಯು ಸ್ಥಿರವಾಗಿರಲಿಲ್ಲವಾದುದರಿಂದ ಸಾಮಾನ್ಯವಾಗಿ ಗಂಟೆಯ ಮುಳ್ಳು ಒಂದೇ ಇರುತ್ತಿತ್ತು. ನಿಮಿಷದ ಮುಳ್ಳು ರೂಢಿಗೆ ಬಂದುದು ಅನಂತರವೇ. ಬೀಗದ ಕೈಯಿಲ್ಲದೆ ತಲೆಯ ಗುಂಡಿಯನ್ನು ತಿರುಗಿಸಿಯೇ ಕೀಲಿ ಕೊಡುವ ಏರ್ಪಾಡನ್ನು ಆಡ್ರಿಯನ್ ಫಿಲಿಪ್ ಎಂಬ ಕುಶಲಿಯು ೧೮೪೦ರ ದಶಕದಲ್ಲಿ ಸಿದ್ಧಪಡಿಸಿದನು. ಹೊಸ ರಚನೆಯು ಕಂಡಲ್ಲಿ, ಅದು ಹುಟ್ಟಿದ ಕಾಲಕ್ಕಿಂತ ಆ ಭಾಗವು ಹಿಂದಿನದಲ್ಲವೆಂದು ಹೇಳಬಹುದು. ಆದರೆ ಹಳೆಯ ರಚನೆಯಿದೆಯೆಂದ ಮಾತ್ರಕ್ಕೆ ವಸ್ತುವೂ ಹಳೆಯದೆಂದು ಊಹಿಸಲಾಗದು. ಹಳೆಯ ಕ್ರಮದ ಯಂತ್ರಗಳನ್ನು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಹುಕಾಲ ತಯಾರಿಸುತ್ತಲೇ ಇದ್ದರು.

ಇನ್ನು ಕೆತ್ತನೆಯ ಮಾತು. ಸಾಕ್ಷಿಗಳಲ್ಲೆಲ್ಲ ಇದೇ ದುರ್ಬಲವಾದದ್ದು. ಹೆಸರು ಕುಶಲಿಯದಾಗಿರದೆ ಮಾರಿದವನದಾಗಿರಬಹುದು. ಹದಿನೆಂಟನೆಯ ಶತಮಾನದಲ್ಲಿ ಯೂರೋಪ್ ಖಂಡದಲ್ಲಿ ತಯಾರಾದ ಅಗ್ಗದ ಗಡಿಯಾರಗಳ ಮೇಲೆ ಆಂಗ್ಲೇಯ ಹೆಸರುಗಳನ್ನೂ ಲಂಡನ್ ಎಂಬ ಊರನ್ನೂ ಕೆತ್ತಿ ಮಾರುತ್ತಿದ್ದರು. ತೂಕ, ಶಾಸನ, ಅಳತೆ, ನಾಣ್ಯ ಇವುಗಳಲ್ಲಿ ಕೂಟವನ್ನೆಸಗುವವನಿಗೆ ಯಾಜ್ಞವಲ್ಕ್ಯಸ್ಮೃತಿಯು ದಂಡವನ್ನು ವಿಧಿಸಿದೆ. ಈ ಕುಶಲಿಗಳೂ ಆ ವರ್ಗಕ್ಕೇ ಸೇರತಕ್ಕವರು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿದೆ. ಅಲ್ಲಿನ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯವು ೧೮೯೭ರಲ್ಲಿ ಒಂದು ಚಿಕ್ಕ ಗಡಿಯಾರವನ್ನು ಸಂಪಾದಿಸಿತು. ನ್ಯೂರೆಂಬರ್ಗಿನ ಪೀಟರ್ ಹೆನ್‌ಲೈನನು ೧೫೧೦ರಲ್ಲಿ ಅದನ್ನು ಮಾಡಿದನೆಂಬ ಅರ್ಥದ ಲ್ಯಾಟಿನ್ ಲೇಖವು ಅದರಲ್ಲಿದೆ. ಈ ಲೇಖದ ಬಲದಿಂದ ಅದು ಲೋಕದ ಅತಿಪ್ರಾಚೀನ ಜೇಬುಗಡಿಯಾರವೆಂದು ಖ್ಯಾತಿಗೊಂಡಿತು. ೨೦೧೪ರಲ್ಲಿ ವಸ್ತುವನ್ನು ಭೇದಿಸದೆ ಒಳಭಾಗವನ್ನು ಕಾಣಿಸುವ ಕಿರಣಗಳಿಂದ ಅದನ್ನು ಪರೀಕ್ಷಿಸಲಾಗಿ, ಭಾಗಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದವೆಂದು ಕಂಡುಬಂದಿತು. ಲೇಖದ ಗೆರೆಗಳು ಮೊದಲೇ ಇದ್ದ ಗೀರುಗಳ ಮೇಲೆ ಹಾದುಹೋಗಿದ್ದುವು. ವಸ್ತುವು ಬಳಕೆಯಿಂದ ಸವೆದ ಮೇಲೆ ಕೆತ್ತಿದ ಲೇಖವು ಅದರ ಜನ್ಮಕಾಲದ್ದಾಗಲಾರದು.

ಹಾಗಾದರೆ ಹೆನ್‌ಲೈನನ ಕೀರ್ತಿಯೂ ಮಿಥ್ಯೆಯೇ ಎಂಬ ಆಕ್ಷೇಪವು ಇಲ್ಲಿ ಹುಟ್ಟಬಹುದು. ಅದು ಸರಿಯಲ್ಲ. ಅವನು ಕಬ್ಬಿಣದಿಂದ ಅನೇಕ ಚಕ್ರಗಳ ಚಿಕ್ಕ ಗಡಿಯಾರಗಳನ್ನು ಮಾಡುತ್ತಿದ್ದನೆಂದೂ, ಅವು ೪೦ ಗಂಟೆ ನಡೆಯುತ್ತಿದ್ದುವೆಂದೂ, ಎದೆಯಲ್ಲಿಯೋ ಚೀಲದಲ್ಲಿಯೋ ಇಟ್ಟುಕೊಂಡಾಗಲೂ ನಿಲ್ಲುತ್ತಿರಲಿಲ್ಲವೆಂದೂ ಅವನ ಸಮಕಾಲೀನನಾದ ಕೊಕ್ಲೇಯಸ್ ಎಂಬ ಪಂಡಿತನು ಬರೆದಿಟ್ಟಿದ್ದಾನೆ. ಆ ಸಾಕ್ಷ್ಯಕ್ಕೆ ಈ ಪರೀಕ್ಷೆಯಿಂದ ಬಾಧೆಯಿಲ್ಲ. ಕೂಟಶಾಸನವೊಂದನ್ನು ತಳ್ಳಿದ ಮಾತ್ರಕ್ಕೆ ಅದರಲ್ಲಿ ಹೆಸರಿಸಿದ ಅರಸನು ಇಲ್ಲವಾಗುವುದಿಲ್ಲ. ಇಲ್ಲವಾಗುವುದು ಆ ದಾನ ಮಾತ್ರ. ವ್ಯಕ್ತಿಯ ಮೇಲಣ ಗೌರವವನ್ನು ವಸ್ತುವಿಗೆ ಸಾಕ್ಷಿಯಾಗಿಸುವುದೂ, ವಸ್ತುವಿನ ದೋಷವನ್ನು ವ್ಯಕ್ತಿಗೆ ಆರೋಪಿಸುವುದೂ ಸಮಾನವಾದ ದೋಷಗಳೇ.

ಕೂಟಕ್ಕೂ ಜೀರ್ಣೋದ್ಧಾರಕ್ಕೂ ಇರುವ ಭೇದವನ್ನು ಸಹ ವಿವೇಚಿಸಬೇಕು. ಮುರಿದ ಚಕ್ರಕ್ಕೆ ಬದಲಾಗಿ ಹೊಸದನ್ನು ಹಾಕುವುದು ವಂಚನೆಯಲ್ಲ. ಹಳೆಯ ವರ್ಷವನ್ನು ಹೊಸದಾಗಿ ಕೆತ್ತುವುದು ವಂಚನೆ. ಆದುದರಿಂದ ಗಡಿಯಾರವನ್ನು ವರ್ಣಿಸುವವರು ಇಡೀ ವಸ್ತುವಿಗೆ ಒಂದೇ ವರ್ಷವನ್ನು ಬರೆಯದೆ, ಕವಚ, ಯಂತ್ರ, ಮುಖಫಲಕ, ಲೇಖ ಇವುಗಳ ಕಾಲವನ್ನು ಬೇರೆಬೇರೆಯಾಗಿ ನಿರ್ದೇಶಿಸುವುದು ಉಚಿತ. ನಾಲ್ಕೂ ಒಂದೇ ಕಾಲವನ್ನು ಹೇಳಿದಲ್ಲಿ ನಿರ್ಣಯವು ನಿಸ್ಸಂದೇಹವಾಗುವುದು; ಭಿನ್ನವಾಗಿ ಹೇಳಿದಲ್ಲಿ ಆ ಭೇದವೇ ಗಡಿಯಾರದ ನಿಜವಾದ ಚರಿತ್ರೆಯು.