ಹಳೆಯ ಸೈನಿಕ ಮತ್ತು ರೈಲ್ವೆ ಸಮವಸ್ತ್ರದ ಗುಂಡಿಗಳು: ಗುರುತಿಸುವಿಕೆ, ಸಂಗ್ರಹಣೆ ಹಾಗೂ ಸಂರಕ್ಷಣೆ (ಮಂಡ್ಯ, ಮದ್ದೂರು ಮತ್ತು ಮಳವಳ್ಳಿ)

ಪೀಠಿಕೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಭಾಗದ ಕೆಲವು ಮನೆಗಳಲ್ಲಿ, ಸೈನ್ಯದಲ್ಲಾಗಲಿ ರೈಲ್ವೆಯಲ್ಲಾಗಲಿ ಸೇವೆ ಸಲ್ಲಿಸಿದ ಹಿರಿಯರ ಸಮವಸ್ತ್ರದ ಹಿತ್ತಾಳೆ ಗುಂಡಿಗಳು ಇಂದಿಗೂ ಉಳಿದಿವೆ. ಬಟ್ಟೆ ಹರಿದು ಹೋಗಿರುತ್ತದೆ, ಆದೇಶ ಪತ್ರಗಳನ್ನು ಗೆದ್ದಲು ತಿಂದಿರುತ್ತದೆ, ಗುಂಡಿ ಮಾತ್ರ ಪೆಟ್ಟಿಗೆಯ ಮೂಲೆಯಲ್ಲಿ ದೊರೆಯುತ್ತದೆ. ಗುಜರಿ ವ್ಯಾಪಾರಿಗೆ ಅದು ಕೆಲವು ಗ್ರಾಂ ಹಿತ್ತಾಳೆಯಷ್ಟೆ. ಆದರೆ ಅದನ್ನು ಧರಿಸಿದವರು ಯಾವ ಆಡಳಿತದ ನೌಕರರಾಗಿದ್ದರು ಎಂಬುದು ಅದರ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಹಿರಿಯರ ಸೇವಾ ವಿವರಗಳಿಗಾಗಿ ಅರ್ಜಿ ಸಲ್ಲಿಸುವವರು ಯಾವ ಕಚೇರಿಯ ಯಾವ ಅವಧಿಯ ಕಡತವನ್ನು ಕೋರಬೇಕು ಎಂಬುದನ್ನು ನಿರ್ಧರಿಸಲು ಇದು ನೆರವಾಗುತ್ತದೆ. ಆದ್ದರಿಂದ ಗುಂಡಿಗಳನ್ನು ತೊಳೆಯುವ, ಮಾರುವ ಅಥವಾ ಹಂಚಿಕೊಳ್ಳುವ ಮುನ್ನ ಈ ಕೆಳಕಂಡ ಮಾಹಿತಿಯನ್ನು ಗಮನಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.

ರೈಲ್ವೆ ಗುಂಡಿಗಳು

ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗವು 1881ರಲ್ಲಿ ಮದ್ದೂರು ಮತ್ತು ಮಂಡ್ಯವನ್ನು ತಲುಪಿ, 1882ರಲ್ಲಿ ಮೈಸೂರಿನವರೆಗೆ ಪೂರ್ಣಗೊಂಡಿತು. ಹಳಿ ಅದೇ, ನಿಲ್ದಾಣಗಳೂ ಅವೇ. ಆದರೆ ಅವುಗಳ ಆಡಳಿತ ಹಲವು ಬಾರಿ ಕೈ ಬದಲಾಯಿಸಿದೆ. ಮೊದಲಿಗೆ ಮೈಸೂರು ಸಂಸ್ಥಾನದ್ದಾಗಿದ್ದ ಮಾರ್ಗದ ನಿರ್ವಹಣೆ 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. ಆ ಕಂಪನಿಯು 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1919ರಲ್ಲಿ ಸಂಸ್ಥಾನವು ಮಾರ್ಗವನ್ನು ಮರಳಿ ತನ್ನ ವಶಕ್ಕೆ ಪಡೆಯಿತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಿಂದ ಈ ಮಾರ್ಗ ನೈಋತ್ಯ ರೈಲ್ವೆಗೆ ಸೇರಿದೆ.

ರೈಲ್ವೆ ಗುಂಡಿಗಳ ಮೇಲೆ ಸಾಮಾನ್ಯವಾಗಿ ಆಡಳಿತದ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಉಬ್ಬಾಗಿ ಇರುತ್ತವೆ. ಆದ ಕಾರಣ ಅಕ್ಷರಗಳ ಕ್ರಮವನ್ನು ಎಚ್ಚರಿಕೆಯಿಂದ ಓದತಕ್ಕದ್ದು. ಎಸ್.ಎಂ.ಆರ್. ಎಂದಿದ್ದಲ್ಲಿ ಸದರ್ನ್ ಮರಾಠಾ, ಎಂ.ಎಸ್.ಆರ್. ಎಂದಿದ್ದಲ್ಲಿ ಮೈಸೂರು ಸ್ಟೇಟ್. ಒಂದೇ ಅಕ್ಷರಗಳು ಸ್ಥಾನ ಬದಲಿಸಿದರೆ ಸುಮಾರು ಮೂವತ್ತು ವರ್ಷಗಳ ಅಂತರ ಬೀಳುತ್ತದೆ. ಎಂ. ಮತ್ತು ಎಸ್.ಎಂ. ಅಕ್ಷರಗಳ ನಡುವೆ ‘ಅಂಡ್’ ಚಿಹ್ನೆ ಇದ್ದಲ್ಲಿ ಅದು 1908ರ ನಂತರದ ಕಂಪನಿಯದು. ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ಗುಂಡಿಯನ್ನು ಓರೆ ಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡುವುದು ಸೂಕ್ತ.

ಬರಿಯ ಎಸ್.ಆರ್. ಎಂದಿರುವ ಗುಂಡಿಯನ್ನು ಕಂಡ ಕೂಡಲೆ ದಕ್ಷಿಣ ರೈಲ್ವೆಯದೆಂದು ತೀರ್ಮಾನಿಸಬಾರದು. ಇಂಗ್ಲೆಂಡಿನಲ್ಲಿಯೂ 1923ರಿಂದ 1947ರವರೆಗೆ ಸದರ್ನ್ ರೈಲ್ವೆ ಎಂಬ ಕಂಪನಿ ಇತ್ತು. ಅದರ ಗುಂಡಿಗಳು ಇಂದು ಸಂಗ್ರಾಹಕರ ಮಾರುಕಟ್ಟೆಯಲ್ಲಿ ಧಾರಾಳವಾಗಿ ದೊರೆಯುತ್ತವೆ. ಮನೆಯ ಪೆಟ್ಟಿಗೆಯಿಂದ ಬಂದ ಗುಂಡಿಗೂ ಅಂಗಡಿಯಲ್ಲಿ ಕೊಂಡ ಗುಂಡಿಗೂ ಇರುವ ವ್ಯತ್ಯಾಸ ಇಲ್ಲಿಯೇ ತಿಳಿಯುತ್ತದೆ. ಮಳವಳ್ಳಿಯಲ್ಲಿ ರೈಲು ನಿಲ್ದಾಣವಿಲ್ಲ. ಆದುದರಿಂದ ಅಲ್ಲಿ ರೈಲ್ವೆ ಗುಂಡಿ ದೊರೆತಲ್ಲಿ, ಅದನ್ನು ಧರಿಸಿದವರು ಬೇರೆಲ್ಲೋ ಕೆಲಸ ಮಾಡಿದ್ದರು ಎಂದು ಭಾವಿಸಿ ವಿಚಾರಣೆಯನ್ನು ಮುಂದುವರಿಸಬೇಕಾಗುತ್ತದೆ.

ಮೈಸೂರು ಸೈನ್ಯದ ಗುಂಡಿಗಳು

ಮೈಸೂರು ಸಂಸ್ಥಾನದ ಲಾಂಛನ ಗಂಡಭೇರುಂಡ. ಎರಡು ತಲೆಯ ಈ ಪಕ್ಷಿ ಇರುವ ಗುಂಡಿಗಳೆಲ್ಲವೂ ಸೈನ್ಯದವು ಎಂಬ ನಂಬಿಕೆ ಸಾಕಷ್ಟು ಪ್ರಚಲಿತವಾಗಿದೆ, ಅದು ಸರಿಯಲ್ಲ. ಲಾಂಛನವು ಇಡೀ ಸಂಸ್ಥಾನದ್ದಾಗಿತ್ತು. ಅಲ್ಲದೆ ಕರ್ನಾಟಕ ರಾಜ್ಯದ ಇಂದಿನ ಲಾಂಛನದಲ್ಲಿಯೂ ಗಂಡಭೇರುಂಡವಿದೆ. ಮೇಲ್ಭಾಗದಲ್ಲಿ ಸಾರನಾಥದ ಸಿಂಹಶೀರ್ಷವಿದ್ದಲ್ಲಿ ಆ ಗುಂಡಿಯು 1950ರ ಜನವರಿ 26ಕ್ಕಿಂತ ಹಳೆಯದಾಗಿರಲಾರದು. ದಳದ ಹೆಸರು ಅಥವಾ ಅಕ್ಷರಗಳು ಇದ್ದಾಗ ಮಾತ್ರ ಸೈನ್ಯದ ಗುಂಡಿ ಎಂದು ಖಚಿತವಾಗಿ ಹೇಳಬಹುದು.

ಮೈಸೂರು ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ನಗರವನ್ನು ವಶಪಡಿಸಿಕೊಂಡಿತು. ಮೈಸೂರು ಪದಾತಿದಳದ ಒಂದನೆಯ ಬೆಟಾಲಿಯನ್ 1942ರಲ್ಲಿ ಸಿಂಗಪುರದ ಪತನವಾದಾಗ ಸೆರೆಯಾಯಿತು. ಸ್ವಾತಂತ್ರ್ಯಾನಂತರ ಲ್ಯಾನ್ಸರ್ಸ್ 61ನೇ ಅಶ್ವದಳದಲ್ಲಿ ವಿಲೀನವಾಯಿತು. ಪದಾತಿದಳವು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಕುಟುಂಬದ ಹಿರಿಯರು ‘ಮಲಯಾದಲ್ಲಿದ್ದರು’ ಎಂಬ ಮಾತು ಮನೆಯಲ್ಲಿ ಉಳಿದಿದ್ದು, ಜೊತೆಗೆ ಪದಾತಿದಳದ ಗುಂಡಿಯೂ ಇದ್ದಲ್ಲಿ ಅವೆರಡನ್ನೂ ಒಟ್ಟಿಗೆ ದಾಖಲಿಸಿಡತಕ್ಕದ್ದು.

ಬ್ರಿಟಿಷ್ ಭಾರತದ ಸೈನ್ಯದ ಗುಂಡಿಗಳಲ್ಲಿ ಕಿರೀಟವೇ ಕಾಲಸೂಚಕ. ಕಿರೀಟದ ಕಮಾನುಗಳು ನಡುವೆ ತಗ್ಗಿ ಬದಿಗಳಲ್ಲಿ ಉಬ್ಬಿದ್ದರೆ ಅದು ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1901ಕ್ಕೆ ಮೊದಲಿನದು. ಕಮಾನುಗಳು ಗುಮ್ಮಟದಂತೆ ದುಂಡಗಿದ್ದರೆ ಅನಂತರದ ದೊರೆಗಳ ಕಾಲದ್ದು. ಕೆಲವು ದಳಗಳ ಗುಂಡಿಗಳಲ್ಲಿ ಕಿರೀಟವೇ ಇರುವುದಿಲ್ಲವಾದ್ದರಿಂದ ಇದೊಂದನ್ನೇ ಆಧಾರವಾಗಿಟ್ಟುಕೊಳ್ಳಬಾರದು.

ಮಳವಳ್ಳಿಯ ರಣಭೂಮಿ

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನರ ಸೈನ್ಯಕ್ಕೂ ಜನರಲ್ ಹ್ಯಾರಿಸ್ ನೇತೃತ್ವದ ಸೈನ್ಯಕ್ಕೂ ಕಾಳಗ ನಡೆಯಿತು. ಆರ್ಥರ್ ವೆಲ್ಲೆಸ್ಲಿಯ 33ನೇ ಕಾಲಾಳು ರೆಜಿಮೆಂಟ್ ಅದರಲ್ಲಿ ಭಾಗವಹಿಸಿತ್ತು. ಆ ಕಾಲದ ಬ್ರಿಟಿಷ್ ಸಿಪಾಯಿಗಳ ಗುಂಡಿಗಳು ತವರದ ಮಿಶ್ರಲೋಹದವು, ಚಪ್ಪಟೆಯಾದವು. ಮೇಲೆ ರೆಜಿಮೆಂಟಿನ ಸಂಖ್ಯೆ ಇರುತ್ತಿತ್ತು. ಅಧಿಕಾರಿಗಳ ಗುಂಡಿಗಳಿಗೆ ಚಿನ್ನದ ಅಥವಾ ಬೆಳ್ಳಿಯ ಲೇಪನವಿರುತ್ತಿತ್ತು. ಹೊಳೆಯುವ ಹಿತ್ತಾಳೆ ಗುಂಡಿಯನ್ನು ತೋರಿಸಿ ‘ಟಿಪ್ಪು ಕಾಲದ ಸಿಪಾಯಿಯದು’ ಎಂದು ಯಾರಾದರೂ ಬೆಲೆ ಹೇಳಿದರೆ ಈ ಅಂಶವನ್ನು ನೆನಪಿನಲ್ಲಿಡುವುದು ಒಳಿತು.

ಗುಂಡಿಗಾಗಿ ಹೊಲವನ್ನು ಅಗೆಯುವುದಾಗಲಿ, ಲೋಹಶೋಧಕ ಯಂತ್ರದೊಂದಿಗೆ ರಣಭೂಮಿಯಲ್ಲಿ ಅಲೆಯುವುದಾಗಲಿ ಸರ್ವಥಾ ಕೂಡದು. ಗುಂಡಿ ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಯಲ್ಲಿ ಇತ್ತು ಎಂಬುದೇ ಅದರ ಮುಖ್ಯ ಮಾಹಿತಿ. ಕಿತ್ತು ತೆಗೆದ ಕ್ಷಣದಲ್ಲಿ ಅದು ನಾಶವಾಗುತ್ತದೆ. ಉಳುಮೆಯ ವೇಳೆ ತಾನಾಗಿ ದೊರೆತ ಹಳೆಯ ವಸ್ತುಗಳನ್ನು, ನಿಧಿಗೆ ಸಂಬಂಧಿಸಿದ 1962ರ ಕರ್ನಾಟಕ ಅಧಿನಿಯಮವನ್ನು ಗಮನದಲ್ಲಿಟ್ಟುಕೊಂಡು ಜಿಲ್ಲಾಧಿಕಾರಿಗಳ ಗಮನಕ್ಕೆ ತರತಕ್ಕದ್ದು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

ಹಿಂಬದಿಯ ಪರೀಕ್ಷೆ

ಗುಂಡಿಯ ಹಿಂಬದಿಯಲ್ಲಿ ತಯಾರಕರ ಹೆಸರು ಇರುವುದುಂಟು. ಲಂಡನ್ನಿನ ಫರ್ಮಿನ್ ಮತ್ತು ಜೆನ್ನೆನ್ಸ್, ಬರ್ಮಿಂಗ್‌ಹ್ಯಾಮಿನ ಗಾಂಟ್ ಇವು ಹೆಚ್ಚಾಗಿ ಕಾಣುವ ಹೆಸರುಗಳು. ತಯಾರಕರ ಹೆಸರು ಗುಂಡಿ ಎಲ್ಲಿ ತಯಾರಾಯಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಎಲ್ಲಿ ಬಳಕೆಯಾಯಿತು ಎಂಬುದನ್ನಲ್ಲ. ಹೊಲಿಯುವ ಕೊಂಡಿಯ ಬದಲು ತೆಗೆದು ಹಾಕಬಹುದಾದ ತಂತಿಯ ಉಂಗುರವಿದ್ದಲ್ಲಿ ಅದು ಖಾಕಿ ಹತ್ತಿ ಬಟ್ಟೆಯ ಅಂಗಿಯ ಗುಂಡಿಯಾಗಿರುವ ಸಂಭವ ಹೆಚ್ಚು. ಬಟ್ಟೆಯನ್ನು ಅಗಸರಿಗೆ ಕೊಡುವಾಗ ಗುಂಡಿಗಳನ್ನು ಬಿಚ್ಚಿಡುತ್ತಿದ್ದರು. ಗುಂಡಿಯ ಅಳತೆಯನ್ನು ವ್ಯಾಪಾರದಲ್ಲಿ ‘ಲೈನ್’ ಎಂದು ಹೇಳುವರು: 40 ಲೈನ್‌ಗೆ ಒಂದು ಅಂಗುಲ, ಅಂದರೆ 25.4 ಮಿ.ಮೀ. ಅಯಸ್ಕಾಂತವು ಗುಂಡಿಯ ಮುಖಕ್ಕೆ ಅಂಟಿದರೆ ಅದು ಹಿತ್ತಾಳೆ ಲೇಪಿತ ಕಬ್ಬಿಣ. ಹಿಂಬದಿಗೆ ಮಾತ್ರ ಅಂಟಿದರೆ ಸಂಶಯಪಡಬೇಕಾಗಿಲ್ಲ.

ಸಂರಕ್ಷಣೆ

ಹುಣಸೆಹಣ್ಣು, ನಿಂಬೆರಸ, ಬೂದಿ, ಇಟ್ಟಿಗೆ ಪುಡಿ ಅಥವಾ ಪಾಲಿಶ್ ಬಳಸಿ ಗುಂಡಿಗಳನ್ನು ಉಜ್ಜಬಾರದು. ಹಬ್ಬದ ಮುನ್ನಾದಿನ ದೀಪಗಳ ಜೊತೆಯಲ್ಲಿ ಗುಂಡಿಗಳನ್ನೂ ಬೆಳಗುವ ವಾಡಿಕೆಯಿಂದ ಅಕ್ಷರಗಳು ಸವೆದು, ಲೇಪನ ಹೋಗಿ, ಗುರುತು ಹಿಡಿಯಲಾಗದ ಸ್ಥಿತಿ ಬರುತ್ತದೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಅಂಗಿಯ ತುಂಡಿನ ಸಮೇತ ಉಳಿದಿದ್ದರೆ ಕತ್ತರಿಸಬಾರದು. ಪ್ರತಿಯೊಂದನ್ನು ಒಗೆದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾರದು, ಯಾವ ಊರು, ಯಾರಿಂದ ಬಂತು ಎಂದು ಸೀಸದ ಕಡ್ಡಿಯಲ್ಲಿ ಬರೆದ ಚೀಟಿಯನ್ನು ಜೊತೆಗಿಡಬೇಕು. ಮನೆಯಲ್ಲಿ ಹಿರಿಯರು ಇರುವಾಗಲೇ ಈ ಚೀಟಿಯನ್ನು ಬರೆಯಿಸುವುದು ಅಗತ್ಯ.

ಅರ್ಜಿದಾರರ ಗಮನಕ್ಕೆ

ಗುಂಡಿಯು ಸೇವೆಗೆ ಪುರಾವೆಯಲ್ಲ. ಪಿಂಚಣಿ, ಕುಟುಂಬ ಸೌಲಭ್ಯ ಅಥವಾ ಮೀಸಲಾತಿಯ ಕೋರಿಕೆಗೆ ಅದನ್ನು ದಾಖಲೆಯಾಗಿ ಪರಿಗಣಿಸಲಾಗುವುದಿಲ್ಲ. ಬೇರೆಯವರ ಗುಂಡಿ ಕೈಗೆ ಬರುವುದು ಕಷ್ಟವೇನಲ್ಲ. ಅದು ಹುಡುಕಾಟದ ದಾರಿಯನ್ನು ಮಾತ್ರ ತೋರಿಸುತ್ತದೆ. ಸಂಸ್ಥಾನದ ಕಾಲದ ಕಡತಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಸಂಪರ್ಕಿಸಬಹುದು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೂ ಮೊದಲು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮೈಸೂರು ಜಿಲ್ಲೆಗೆ ಸೇರಿದ್ದವು. ‘ಮಂಡ್ಯ ಜಿಲ್ಲೆ’ ಎಂದಷ್ಟೇ ನಮೂದಿಸಿ 1918ರ ಕಡತವನ್ನು ಕೋರಿದರೆ ಅದು ದೊರೆಯದೇ ಹೋಗಬಹುದು. ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಅಂತರಜಾಲದ ಮೂಲಕ ನೋಡಬಹುದು; ಇಂಗ್ಲಿಷ್ ಕಾಗುಣಿತವನ್ನು ಮೂರು ನಾಲ್ಕು ರೀತಿಯಲ್ಲಿ ಬದಲಿಸಿ ಹುಡುಕಬೇಕಾಗುತ್ತದೆ.

ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾ ನಿಧಿ ಅಧಿನಿಯಮದ ವ್ಯಾಪ್ತಿಗೆ ಬರಬಹುದು. ಅಂತಹವನ್ನು ಖಾಸಗಿಯವರು ವಿದೇಶಕ್ಕೆ ಕೊಂಡೊಯ್ಯುವಂತಿಲ್ಲ. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಹೊರದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಅಜ್ಜನ ಗುಂಡಿಯನ್ನು ಕಳುಹಿಸಬಯಸುವವರು, ವಸ್ತುವಿನ ವಯಸ್ಸಿನ ಬಗ್ಗೆ ಸಂಶಯವಿದ್ದಲ್ಲಿ, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮುಂಚಿತವಾಗಿ ಕೋರತಕ್ಕದ್ದು.

ಯಾವುದೇ ಕಚೇರಿಗೆ ಅಥವಾ ಸಂಗ್ರಹಾಲಯಕ್ಕೆ ಬರೆಯುವಾಗ ಮೂಲ ಗುಂಡಿಯನ್ನು ಅಂಚೆಯಲ್ಲಿ ಕಳುಹಿಸಬಾರದು. ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಮುಂಬದಿ ಮತ್ತು ಹಿಂಬದಿಯ ಛಾಯಾಚಿತ್ರಗಳನ್ನು, ಚೀಟಿಯ ನಕಲಿನೊಂದಿಗೆ ಲಗತ್ತಿಸಿದರೆ ಸಾಕಾಗುತ್ತದೆ.