ಖಾತೆ ಯಾರದು, ಬಳಸಿದವರು ಯಾರು? ಐಪಿ ವಿಳಾಸದ ಉತಾರದ ಕಥೆ

2007ರ ಆಗಸ್ಟ್ 31ರಂದು ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದುಕೊಂಡು ಹೋದರು. ಆರ್ಕುಟ್ ಎಂಬ ಜಾಲತಾಣದಲ್ಲಿ ಛತ್ರಪತಿ ಶಿವಾಜಿ ಮಹಾರಾಜರಿಗೆ ಅವಮಾನವಾಗುವ ಚಿತ್ರ ಹಾಕಿದ್ದಾರೆ ಅನ್ನೋದು ಅವರ ಮೇಲಿದ್ದ ಆರೋಪ. ಸಾಕ್ಷಿ ಅಂತ ಇದ್ದದ್ದು ಒಂದು ಐಪಿ ವಿಳಾಸ. ಅದು ಯಾವ ಗ್ರಾಹಕರದು ಎಂದು ಕೇಳಿದಾಗ ಏರ್‌ಟೆಲ್ ಕಂಪನಿ ಕೊಟ್ಟ ಹೆಸರು ತಪ್ಪಾಗಿತ್ತು. ಆ ಯುವಕ ಯರವಡಾ ಜೈಲಿನಲ್ಲಿ 50 ದಿನ ಕಳೆದರು. ಆಮೇಲೆ ಮಹಾರಾಷ್ಟ್ರದ ಮಾನವ ಹಕ್ಕು ಆಯೋಗ ಅವರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕಂಪನಿಗೆ ಹೇಳಿತು.

ಒಂದು ನಂಬರು ಮನುಷ್ಯನನ್ನು ಜೈಲಿಗೆ ಕಳಿಸಬಹುದು ಅಂದರೆ, ಆ ನಂಬರಿನ ದಫ್ತರ ಎಲ್ಲಿರುತ್ತದೆ, ಅದನ್ನು ಹೇಗೆ ಓದಬೇಕು ಅನ್ನೋದು ನಮಗೆಲ್ಲ ಗೊತ್ತಿರಬೇಕು. ಹೊಲದ ಉತಾರ ಓದಲು ಬರುವವರಿಗೆ ಇದು ಕಷ್ಟವಲ್ಲ.

ಮೊದಲು ನಮ್ಮ ಕಡೆಯ ಮಾತು. ಸ್ವಾತಂತ್ರ್ಯಕ್ಕೆ ಮುಂಚೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗಿತ್ತು. ಹಾಗಾಗಿ ಅಜ್ಜನ ಕಾಲದ ಹೊಲದ ಕಾಗದ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಊರು ಆಗ ಯಾರ ಆಳ್ವಿಕೆಯಲ್ಲಿತ್ತು? ದಫ್ತರ ಯಾರದು ಅಂತ ತಿಳಿಯದೆ ಕಾಗದ ಸಿಗುವುದಿಲ್ಲ.

ಇಂಟರ್ನೆಟ್ಟಿನಲ್ಲೂ ಹಾಗೆಯೇ. ಶುರುವಿನಲ್ಲಿ ಸಂಸ್ಥಾನ ಒಂದೇ ಇತ್ತು. ಅಮೆರಿಕದ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ಯಾರಿಗೆ ಯಾವ ನಂಬರು ಕೊಟ್ಟಿದೆ ಎಂಬ ಲೆಕ್ಕ ಇಡುತ್ತಿದ್ದರು. 1982ರಲ್ಲಿ ‘ಹೂ ಈಸ್’ ಎಂಬ ಹುಡುಕಾಟದ ಪದ್ಧತಿಯ ನಿಯಮಗಳು ಪ್ರಕಟವಾದವು. ಹೆಸರೇ ಹೇಳುವಂತೆ ‘ಇವರು ಯಾರು’ ಎಂದು ಕೇಳುವ ಪದ್ಧತಿ ಅದು. ಆಗ ಅದು ಟೆಲಿಫೋನ್ ಡೈರೆಕ್ಟರಿಯ ಹಾಗಿತ್ತು. ಜಾಲ ಬಳಸುವವರ ಹೆಸರು, ವಿಳಾಸ, ಫೋನ್ ನಂಬರು ಅದರಲ್ಲಿ ಸಿಗುತ್ತಿದ್ದವು.

ಜಾಲ ಬೆಳೆದಂತೆ ದಫ್ತರ ಹಂಚಿಹೋಯಿತು. ಯುರೋಪಿನ ದಫ್ತರ 1992ರಲ್ಲಿ ಶುರುವಾಯಿತು. ಏಷ್ಯಾ ಮತ್ತು ಪೆಸಿಫಿಕ್ ಭಾಗಕ್ಕೆ 1993ರಲ್ಲಿ ‘ಏಪ್‌ನಿಕ್’ ಬಂತು. ಅದರ ಕಚೇರಿ ಈಗ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. ಈಗ ಜಗತ್ತಿಗೆಲ್ಲ ಇಂಥ ಐದು ದಫ್ತರಗಳಿವೆ. ನಮ್ಮ ದೇಶದಲ್ಲಿ ‘ನಿಕ್ಸಿ’ ಎಂಬ ಸಂಸ್ಥೆಯ ಕೆಳಗೆ ‘ಇರಿನ್’ ಎಂಬ ವಿಭಾಗ ಈ ಕೆಲಸ ಮಾಡುತ್ತದೆ. ಯಾರು ಬೇಕಾದರೂ ಐಪಿ ನಂಬರು ಹಾಕಿ ಪುಕ್ಕಟೆ ನೋಡಬಹುದು.

ಆದರೆ ನೋಡಿದಾಗ ಬರುವುದು ಏನು? ಕಂಪನಿಯ ಹೆಸರು. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಅಂತ ಬರುತ್ತದೆ. ಬನಹಟ್ಟಿಯಲ್ಲಿ ಕೂತು ನಿಮ್ಮದೇ ಮೊಬೈಲಿನ ನಂಬರು ಹುಡುಕಿದರೂ ನಿಮ್ಮ ಹೆಸರು ಬರುವುದಿಲ್ಲ. ಊರು ತೋರಿಸುವ ಜಾಲತಾಣಗಳಲ್ಲಿ ಬನಹಟ್ಟಿ ಬದಲು ಬೆಂಗಳೂರೋ ಮುಂಬಯಿಯೋ ಬರಬಹುದು. ಅದು ಕಂಪನಿಯ ದೊಡ್ಡ ಯಂತ್ರ ಇರುವ ಊರು, ನೀವಿರುವ ಊರಲ್ಲ.

ನಮ್ಮ ಪಹಣಿಯಲ್ಲಿ ಕಾಲಂ 9ರಲ್ಲಿ ಖಾತೆದಾರರ ಹೆಸರು, ಕಾಲಂ 12ರಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದೆ. ಹೊಲ ಒಬ್ಬರದು, ಲಾವಣಿ ಹಾಕಿಕೊಂಡವರು ಇನ್ನೊಬ್ಬರು ಇರುವುದು ಎಲ್ಲರಿಗೂ ಗೊತ್ತು. ಐಪಿಯ ಬಹಿರಂಗ ದಫ್ತರದಲ್ಲಿ ಇರುವುದು ಕಾಲಂ 9 ಮಾತ್ರ. ಕಾಲಂ 12 ಕಂಪನಿಯ ಒಳಗಿನ ಕಡತದಲ್ಲಿರುತ್ತದೆ. ಅದನ್ನು ಪೊಲೀಸರು ಕಾನೂನಿನ ಪ್ರಕಾರ ಬರೆದು ಕೇಳಿದರೆ ಕೊಡುತ್ತಾರೆ, ನಮಗೆ ನಿಮಗೆ ಕೊಡುವುದಿಲ್ಲ.

ಈ ಸಾಗುವಳಿದಾರರೂ ವರ್ಷಕ್ಕೊಮ್ಮೆ ಬದಲಾಗುವವರಲ್ಲ, ತಾಸಿಗೊಮ್ಮೆ ಬದಲಾಗಬಹುದು. ಮೋಡೆಮ್ ಆರಿಸಿ ಹಚ್ಚಿದರೆ ನಂಬರು ಬೇರೆ ಬರಬಹುದು. ಹಳೇ ನಂಬರು ಇನ್ನೊಬ್ಬರ ಮನೆಗೆ ಹೋಗಿರುತ್ತದೆ. ಅದಕ್ಕೇ ತಾರೀಖು, ತಾಸು, ನಿಮಿಷ, ಸೆಕೆಂಡು ಎಲ್ಲ ಬೇಕು. ಅದೂ ಯಾವ ದೇಶದ ಗಡಿಯಾರ ಅಂತ ಹೇಳಬೇಕು. ಹೊರದೇಶದ ಯಂತ್ರಗಳು ಸಾಮಾನ್ಯವಾಗಿ ವಿಶ್ವ ಸಮಯದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಅಲ್ಲಿ 14ನೇ ತಾರೀಖು ರಾತ್ರಿ 8 ಅಂತ ಇದ್ದರೆ, ನಮ್ಮಲ್ಲಿ ಅದು 15ನೇ ತಾರೀಖು ನಸುಕಿನ 1:30. ಇದನ್ನು ಮರೆತರೆ ಬೇರೆಯವರ ಬಾಗಿಲು ತಟ್ಟಿದಂತೆಯೇ.

ಇನ್ನೊಂದು ತೊಡಕು ಆಮೇಲೆ ಸೇರಿತು. ಹಳೇ ಪದ್ಧತಿಯ ಐಪಿ ನಂಬರುಗಳು ಒಟ್ಟು ಸುಮಾರು 430 ಕೋಟಿ ಮಾತ್ರ. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನು ಖಾಲಿಯಾಯಿತು. ಮೊಬೈಲುಗಳೋ ಹೆಚ್ಚುತ್ತಲೇ ಹೋದವು. ಆದ್ದರಿಂದ ಕಂಪನಿಗಳು ಒಂದೇ ನಂಬರನ್ನು ಒಂದೇ ಹೊತ್ತಿನಲ್ಲಿ ಬಹಳ ಮಂದಿಗೆ ಹಂಚುತ್ತವೆ. ದೊಡ್ಡ ವಾಡೆಗೆ ತಲಬಾಗಿಲು ಒಂದೇ, ಒಳಗೆ ಸಂಸಾರ ಹತ್ತಾರು ಇದ್ದಂತೆ. ಯಾವ ಕೋಣೆ ಅಂತ ತಿಳಿಯಲು ‘ಪೋರ್ಟ್ ನಂಬರು’ ಎಂಬ ಇನ್ನೊಂದು ಅಂಕಿ ಬೇಕು. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ನಂಬರಿಗೆ ಬರವಿಲ್ಲ, ಆದರೆ ಹಳೆಯದೂ ಜೊತೆಗೇ ನಡೆದಿದೆ.

2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ‘ಸರ್ಟ್-ಇನ್’ ಒಂದು ಆದೇಶ ಹೊರಡಿಸಿತು. ಕಂಪನಿಗಳು ತಮ್ಮ ಯಂತ್ರಗಳ ದಾಖಲೆಯನ್ನು 180 ದಿನ ಇಡಬೇಕು, ಗಡಿಯಾರಗಳನ್ನು ಸರ್ಕಾರಿ ಸಮಯಕ್ಕೆ ಹೊಂದಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಗಡಿಯಾರದ ಮಾತು ಸರ್ಕಾರಿ ಆದೇಶದಲ್ಲೇ ಯಾಕೆ ಬಂತು ಅನ್ನೋದು ಈಗ ನಿಮಗೆ ಅರ್ಥವಾಗಿರಬೇಕು.

ನಾಳೆ ನಿಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ಐಪಿ ಸಿಕ್ಕಿದೆ, ಇಂಥವರೇ ಮಾಡಿದ್ದು’ ಅಂತ ಒಬ್ಬರ ಫೋಟೊ ಹಾಕಬಹುದು. ಮುಂದೆ ಕಳಿಸುವ ಮೊದಲು ಕೇಳಿ: ಯಾವ ತಾರೀಖು? ಎಷ್ಟು ಗಂಟೆ, ಯಾವ ದೇಶದ ಸಮಯ? ಪೋರ್ಟ್ ನಂಬರು ಇದೆಯೇ? ಕಂಪನಿಯ ಕಡತ ನೋಡಿದವರು ಯಾರು? ಎಲ್ಲಕ್ಕೂ ಉತ್ತರ ಸಿಕ್ಕರೂ ಗೊತ್ತಾಗುವುದು ಯಾರ ಸಂಪರ್ಕ ಅನ್ನೋದು ಮಾತ್ರ. ಅದೇ ವೈಫೈ ಮನೆಯವರೆಲ್ಲ ಬಳಸಿರುತ್ತಾರೆ, ಪಕ್ಕದ ಅಂಗಡಿಯವರೂ ಬಳಸಿರಬಹುದು.

ನಿಮಗೇ ಮೋಸವಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ತಾರೀಖು ಸಮಯ ಬರೆದಿಟ್ಟುಕೊಂಡು ತಡಮಾಡದೆ ಠಾಣೆಗೆ ಹೋಗಿ. ಹಣ ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ. ದಾಖಲೆ ಇರುವಾಗಲೇ ಕೇಳಿದರೆ ಸಿಗುತ್ತದೆ. ಸರಿಯಾಗಿ ಓದಿದರೆ ಅದೇ ನಂಬರು ಕಳ್ಳನನ್ನು ಹಿಡಿಯುತ್ತದೆ. ಅವಸರದಲ್ಲಿ ಓದಿದರೆ ಏನಾಗುತ್ತದೆ ಅನ್ನೋದಕ್ಕೆ ಯರವಡಾದ ಆ 50 ದಿನಗಳೇ ಸಾಕ್ಷಿ.